ಸೂರಿನ ಮೇಲಿನ ಹಲಗೆ

ಒನೊತೋವಾ ದ್ವೀಪ
14 ಆಗಸ್ಟ್, ಭಾನುವಾರ

ಮಗಳು ರುತಿಯಾನಾಗೆ ತಾಯಿಯ ಆಶೀರ್ವಾದ.

ನಾಳೆ ಹಡಗು ನೀನಿರುವ ತರಾವಾಕ್ಕೆ ಹೊರಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ನಿನ್ನ ನೆನಪಾಗಿ ಅಲ್ಲ.

ಸಮುದ್ರ ಉಕ್ಕಿ ನಮ್ಮ ಬಬಾಯಿ ಗುಂಡಿಗೆ ನುಗ್ಗಿದ್ದು, ಗೆಡ್ಡೆಯೆಲ್ಲ ಕೊಳೆತದ್ದು ನಿನಗೆ ಗೊತ್ತು. ನಿಮ್ಮಜ್ಜಿಯ ಕಾಲದಿಂದ ಊರಿನ ಪ್ರತಿ ಹಬ್ಬಕ್ಕೂ ಅತಿ ದೊಡ್ಡ ಗೆಡ್ಡೆ ಹೋಗುತ್ತಿದ್ದುದು ನಮ್ಮ ಮನೆಯಿಂದಲೇ. ಈಗ ಜನ ಗುಂಡಿ ನೋಡುವುದಿಲ್ಲ, ಸೂರು ನೋಡುತ್ತಾರೆ. ನನ್ನ ವಾರಗಿತ್ತಿ ಬ್ವೆನಾತಾ ಪರದೇಶಕ್ಕೆ ಹೋಗಿ ಸೋಲಾರ್ ಕೆಲಸ ಕಲಿತು ಬಂದಳಲ್ಲ, ಅವಳ ಸೂರಿನ ಮೇಲೆ ಬಿಸಿಲು ಹೀರುವ ಹಲಗೆ, ಕೆಳಗೆ ದೀಪ. ಸಂಜೆಯಾದರೆ ಚಾಪೆ ಹೆಣೆಯಲು ಹೆಂಗಸರೆಲ್ಲ ಅಲ್ಲಿಗೇ. "ನಿಮ್ಮನೇಲಿ ಸೀಮೆಎಣ್ಣೆ ವಾಸನೆ, ತಲೆ ನೋಯತ್ತೆ ಅಕ್ಕಾ" ಅಂತ ನನಗೇ ಹೇಳಿ ಹೋದರು. ನಲವತ್ತು ವರ್ಷ ಅದೇ ವಾಸನೆಯಲ್ಲಿ ಕೂತು ನನ್ನ ಗೆಡ್ಡೆ ತಿಂದವರು!

ಹೋದ ವಾರ ಸಭೆಮನೆಯಲ್ಲಿ, ಎಲ್ಲರೆದುರು, ಆ ಹಲಗೆಯನ್ನು ಬುಬುಟಿ ಕೇಳಿದೆ. ನೆಂಟರು ಬುಬುಟಿಯೆಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯೆತ್ತಿ ತಿರುಗಿದವರು ನಮ್ಮಲ್ಲಿ ಯಾರಿದ್ದಾರೆ? "ಅಯ್ಯೋ, ತಗೊಂಡ್ಹೋಗಿ ಅಕ್ಕಾ" ಎಂದು ನಕ್ಕಳು. ಆ ನಗು ನನಗೆ ಇನ್ನೂ ಚುಚ್ಚುತ್ತಿದೆ.

ನಿನ್ನಣ್ಣ ಅದನ್ನು ಬಿಚ್ಚಿ ತಂದು ನಮ್ಮ ಸೂರಿಗೆ ಕಟ್ಟಿ ಬಲ್ಬು ಸಿಕ್ಕಿಸಿದ. ನಡುಮಧ್ಯಾಹ್ನ ಝಗ್ಗೆಂದು ಉರಿಯಿತು. ಹೆಂಗಸರಿಗೆಲ್ಲ ಹೇಳಿ ಕಳಿಸಿದೆ. ಹೊತ್ತು ಮುಳುಗಿತು, ದೀಪವೂ ಮುಳುಗಿತು. ಬಂದವರು ಕತ್ತಲಲ್ಲೇ ಕಿಸಕ್ಕೆಂದರು.

"ಬ್ಯಾಟರಿ ನೀವು ಕೇಳ್ಲೇ ಇಲ್ವಲ್ಲ ಅಕ್ಕಾ! ಹಲಗೆ ಕೇಳಿದ್ರಿ, ಹಲಗೆ ಕೊಟ್ಟೆ. ಬಿಸಿಲನ್ನ ರಾತ್ರಿಗೆ ಹಿಡಿದಿಡೋದು ಬ್ಯಾಟರಿ" ಅಂದಳು ಮಹಾರಾಯಿತಿ. ಅದನ್ನೂ ಬುಬುಟಿ ಕೇಳಬೇಕಾಯಿತು. ತಳ್ಳುಗಾಡಿಯಲ್ಲಿ ತಾನೇ ತಂದಳು, ತಂತಿ ಜೋಡಿಸಿದಳು, ದೀಪ ಹಚ್ಚಿದಳು. ನಾನು ಕೊಟ್ಟ ಎಳನೀರು ಕುಡಿದು ಬಾಯಿ ಒರೆಸಿಕೊಂಡು ಹೇಳಿದಳು: "ಈಗ ನನ್ನ ಸರದಿ. ನಂಗೆ ಹೆಣ್ಮಕ್ಕಳಿಲ್ಲ. ರುತಿಯಾನಾನ ಬುಬುಟಿ ಕೇಳ್ತಿದೀನಿ ಅಕ್ಕಾ. ನನ್ನ ಮಗಳಾಗಿ ನನ್ನ ಕೆಲಸ ಕಲೀಲಿ."

ಆಗಲಿ ಅಂದೆ. ಇನ್ನೇನು ಅನ್ನಲಿ?

ಎರಡು ವರ್ಷದಿಂದ ನಾನು ಬಾ ಎಂದು ಕರೆಯುತ್ತಲೇ ಇದ್ದೆ. ಅಂಗಡಿ ಕೆಲಸ ಬಿಟ್ಟು ಅಲ್ಲಿಗೆ ಬಂದು ಏನು ಮಾಡಲಿ ಎಂದು ನೀನು ಕೇಳುತ್ತಿದ್ದೆ. ಈಗ ಅವಳು ಕರೆದಳೆಂದರೆ ಬಂದುಬಿಡುತ್ತೀಯ, ಬಲ್ಲೆ. ನೀನು ಬರದಿದ್ದರೆ ಸಭೆಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಬಂದರೆ... ಇರಲಿ. ಮುಂದಿನ ಹಡಗಿಗೆ ಹೊರಟು ಬಾ. ಇದು ಅಪ್ಪಣೆ.

ನಿನ್ನ ಹೆತ್ತ ತಾಯಿ,
ತೆರಾಕಾ

ಮತ್ತೊಂದು ಮಾತು: ಇನ್ನು ಮೇಲೆ ಅವಳನ್ನು ನೀನು ಅಮ್ಮಾ ಎಂದು ಕರೆಯಬೇಕು, ಅದು ಕ್ರಮ. ಕರೆ. ಆದರೆ ನಮ್ಮ ಮನೆಗಳಿಗೆ ಗೋಡೆಯಿಲ್ಲ. ಸ್ವಲ್ಪ ಮೆಲ್ಲಗೆ ಕರೆ.