ಯಾರೂ ಬಾಯಿ ಬಿಡದ ಸಭೆ

ಕೆಲಮಂಗಲ
14-9-1978

ಮೀನು ಹಿಡಿಯಲು ಪರವಾನಗಿ ಕೊಡುವ ಅಧಿಕಾರಿಗಳಿಗೆ ಅಕ್ಕಯಮ್ಮನ ನಮಸ್ಕಾರ.

ನಮ್ಮ ಕೆರೆಯ ಪರವಾನಗಿಯನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡಬಹುದೇ ಎಂದು ಕೇಳಲು ತಾವು ಹೋದ ವಾರ ಬಂದಿದ್ದಿರಿ. ಯಾರೂ ಮಾತಾಡಲಿಲ್ಲವೆಂದು 'ಎಲ್ಲರಿಗೂ ಒಪ್ಪಿಗೆ' ಎಂದು ಬರೆದುಕೊಂಡು ಹೋದಿರಿ. ಅದು ಒಪ್ಪಿಗೆಯಲ್ಲ ಸ್ವಾಮಿ. ನಮ್ಮ ಬಲೆಯವರಲ್ಲಿ ಯಜಮಾನರು ಮೊದಲು ಮಾತಾಡದೆ ಬೇರೆ ಯಾರೂ ಬಾಯಿ ಬಿಡುವುದಿಲ್ಲ. ಆ ಯಜಮಾನರು, ನನ್ನ ಗಂಡ ರಾಮಾಂಜಿನಪ್ಪ, ಅಂದು ಕೃಷ್ಣಗಿರಿಯ ಆಸ್ಪತ್ರೆಯಲ್ಲಿದ್ದರು. ಸುಮ್ಮನೆ ಕೂತಿದ್ದಕ್ಕೆ ಮೈದುನನನ್ನು ಬೈದೆ. "ಅಣ್ಣ ಇಲ್ದೆ ನಾನೆಂಗೆ ಮಾತಾಡ್ಲಿ ಅತ್ಗೆ?" ಅಂದ.

ಕೆರೆಗೆ ಈಗ ಹೊಸ ನೀರು ಬರುತ್ತಿದೆ. ಮೀನು ಮೊಟ್ಟೆ ಇಡುವ ಈ ಹದಿನೈದು ದಿನ ನಾವು ಬಲೆ ಮುಟ್ಟುವುದಿಲ್ಲ. ಗುತ್ತಿಗೆದಾರರ ಬಲೆಗಳು ಆಗಲೇ ದಡಕ್ಕೆ ಬಂದು ಬಿದ್ದಿವೆ. ಸೋಮವಾರ ನೀರಿಗೆ ಇಳಿಸುತ್ತಾರಂತೆ. ಅಷ್ಟರೊಳಗೆ ಬಂದು ಇನ್ನೊಮ್ಮೆ ಕೇಳಿ. ಬರುವಾಗ 'ಒಪ್ಪಿಗೆ' ಎಂದು ಬರೆದುಕೊಂಡ ಆ ಕಾಗದವನ್ನೂ ತನ್ನಿ.

ಯಜಮಾನರಿಗಾಗಿ ಕಾಯಬೇಡಿ. ಲಕ್ವ ಹೊಡೆದು ಅವರ ಮಾತು ಬಿದ್ದುಹೋಗಿದೆ.

ಈ ಸಲ ಮೊದಲು ನಾನು ಮಾತಾಡುತ್ತೇನೆ.

ಇಂತಿ,
ಅಕ್ಕಯಮ್ಮ