ಜಾರುವ ನೆಲ

ಮಾರ್ಚ್ 9, ಭಾನುವಾರ

ಗೆಳತಿ ರಮ್ಯಶ್ರೀಯ ಪಕ್ಕೆಲುಬು ಮುರಿದ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಸಂಜೆ ಫುಟ್‌ಬಾಲ್ ಫೈನಲ್‌ನಲ್ಲಿ ಯಾರೋ ಹಾರಿಸಿದ ಪಟಾಕಿ ಗ್ಯಾಲರಿಗೇ ಬಿದ್ದು ಸಿಡಿಯಿತು. ಎಲ್ಲರೂ ಒಮ್ಮೆಗೇ ಓಡಿದೆವು. ಮೈದಾನದ ಮರಳಿನ ಮೇಲೆ ಯಾರೂ ಬೀಳಲಿಲ್ಲ, ಒಂದೇ ಹಿಂಡಿನಂತೆ ಗೇಟಿನತ್ತ ತಿರುಗಿದೆವು. ಗೇಟಿನ ಬಳಿ ಒದ್ದೆ ಟಾರ್ಪಾಲು ಹಾಸಿದ್ದರು. ಅಲ್ಲಿ ನಿಲ್ಲಲೂ ಆಗದೆ, ತಿರುಗಲೂ ಆಗದೆ ಒಬ್ಬರ ಮೇಲೊಬ್ಬರು ಅಪ್ಪಳಿಸಿದೆವು. ನನ್ನ ಮೊಣಕಾಲೇ ಅವಳ ಎದೆಗೆ ಗುದ್ದಿತು.

ನನ್ನ ಸಂಶೋಧನೆಯೂ ಇದೇ, ತಾವಾಗಿಯೇ ಚಲಿಸುವ ಕಣಗಳ ಗುಂಪು. ನೆಲದ ಹಿಡಿತವನ್ನು, ಅಂದರೆ ಘರ್ಷಣೆಯನ್ನು, ತಗ್ಗಿಸಿದರೆ ಕಣಗಳು ಜಾರಿ, ಡಿಕ್ಕಿ ಹೊಡೆದು, ಗುಂಪು ಒಡೆಯುವುದನ್ನು ಕಂಪ್ಯೂಟರಿನಲ್ಲಿ ನೂರು ಸಲ ನೋಡಿದ್ದೇನೆ. ಚಂದವೆನಿಸುತ್ತಿತ್ತು.

ಆಸ್ಪತ್ರೆಯಲ್ಲಿ ಅವಳು ಕೇಳಿದಳು, "ನನ್ನ ಮೇಲೆ ಬಿದ್ದದ್ದು ಯಾರು ಮಾರಾಯ್ತಿ, ನಿನಗೆ ಗೊತ್ತುಂಟಾ?"

"ಇಲ್ಲ" ಎಂದೆ.

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.