ತೆಲುಗು ಪದ್ಯ ಹಾಡಿದ ರಾಜ

೯-೨-೨೦೨೫, ಭಾನುವಾರ

ಆ ಫ್ಯಾಕ್ಟರಿಯವರ ನಗು ಇನ್ನೂ ಕಿವಿಯಲ್ಲೇ ಐತೆ. ಅವರ ಬಾಯಿಗೆ ಮಣ್ಣು ಬೀಳ.

ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆಯಲ್ಲಿ ಪೌರಾಣಿಕ ನಾಟಕ. ನಮ್ಮ ಯಜಮಾನಂದು ರಾಜನ ಪಾರ್ಟು, ಮೂವತ್ತು ವರ್ಷದಿಂದ ಅದೇ. ಕಾಮಸಮುದ್ರದ ನಾಟಕದ ಮೇಷ್ಟ್ರು ಪದ್ಯಾನೆಲ್ಲ ಮೊದಲು ತೆಲುಗಲ್ಲಿ ಕಲಿಸಿ, ಆಮೇಲೆ ಕನ್ನಡದಲ್ಲಿ ಹೇಳಿಕೊಟ್ಟಿದ್ರು. ಇವತ್ತು ಹಾರ್ಮೋನಿಯಂ ಶ್ರುತಿ ಕೊಟ್ಟಿದ್ದೇ ತಡ, ಮುದುಕ ಕನ್ನಡ ಮರೆತು ತೆಲುಗು ಪದ್ಯ ಎತ್ಕೊಂಡ. ನಮ್ಮೂರಲ್ಲಿ ಎಲ್ರಿಗೂ ತೆಲುಗು ಬತ್ತದೆ, ಅಲ್ಲಾಗಿದ್ರೆ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ. ಇಲ್ಲಿ ಹಿಂದಿನ ಸಾಲಲ್ಲಿದ್ದ, ಹೊರಗಿಂದ ಬಂದ ಫ್ಯಾಕ್ಟರಿ ಕೆಲಸದವನೊಬ್ಬ, "ಈ ರಾಜ ಯಾವ ಬಸ್ಸು ಹತ್ತಿ ಬಂದ್ನೋ!" ಅಂದ. ಸಭೆಯೆಲ್ಲ ಗೊಳ್ಳಂತ ನಕ್ತು.

ತಿರುಗಿ ಅವನ ಚಳಿ ಬಿಡಿಸಿದೆ. "ನಿನ್ ಮೂತಿಗೆ ಒಂದು ಪದ್ಯ ಹೇಳಕ್ಕೆ ಬತ್ತದೇನ್ಲಾ? ಬಾಯಿ ಮುಚ್ಕೊಂಡು ಕೂತ್ಕೊ."

ಯಜಮಾನ ಮನೆಗೆ ಬಂದು ಮುಖ ತೊಳೆದವನೇ, "ಇನ್ಮೇಲೆ ಬಣ್ಣ ಹಚ್ಚಲ್ಲ" ಅಂದ.

"ಯಾವನೋ ತಿರುಬೋಕಿ ನಕ್ಕ ಅಂತ ನಾಟಕ ಬಿಡ್ತೀಯಾ? ನಾಚಿಕೆ ಆಗಲ್ವಾ?" ಅಂತ ಬೈದೆ.

"ಅವನು ನಗಲಿ ಬಿಡೇ. ನೀನೂ ನಕ್ಕೆಯಲ್ಲ" ಅಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಊಟಕ್ಕೂ ಏಳಲಿಲ್ಲ.

ನಾನು ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡಿದ್ನಲ್ಲ, ಅಷ್ಟು ದೂರದಿಂದ ಹೆಂಗೆ ಕಾಣಿಸ್ತೋ ಈ ಮುದುಕನಿಗೆ.